ಮುನ್ನೂರು ಹಕ್ಕಿಗೆ ಒಬ್ಬನೇ ಸಾಕ್ಷಿ

ನೈರೋಬಿಯಲ್ಲಿ ಕನ್ನಡದವರು ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಹೊರಟರೆ ಹಕ್ಕಿ ಕಾಣುತ್ತದೋ ಇಲ್ಲವೋ, ಮಾನ ಹೋಗುವಂಥದ್ದು ಏನಾದರೂ ಒಂದು ಆಗಿಯೇ ತೀರುತ್ತದೆ. ನನಗಂತೂ ಒಂದು ಬೇಸಿಗೆ ಪೂರ್ತಿ, ಪ್ರತಿ ಭಾನುವಾರ, ತಪ್ಪದೆ ಆಯಿತು.

ಹಕ್ಕಿಯ ಹುಚ್ಚು ನನ್ನದಲ್ಲ, ನಮ್ಮ ಟೆಲಿಕಾಂ ಕಂಪನಿಯ ಸಾಹೇಬರದ್ದು. ಬಸವನಗುಡಿಯವರು. ಮಾರ್ಚ್ ಕೊನೆಗೆ ಅವರ ಪೋಸ್ಟಿಂಗ್ ಮುಗಿಯುವುದಿತ್ತು. ಅಷ್ಟರೊಳಗೆ ಮುನ್ನೂರು ಬಗೆಯ ಹಕ್ಕಿ ನೋಡಿಯೇ ಊರಿಗೆ ಹೋಗುವುದೆಂದು ಅವರ ಹಟ. ನನ್ನ ಪಾಡು ಬೇರೆ. ಮಗಳು ಹತ್ತನೇ ಕ್ಲಾಸು. ನನ್ನ ಪೋಸ್ಟಿಂಗ್ ಇನ್ನೊಂದು ವರ್ಷ ಮುಂದುವರಿಯದಿದ್ದರೆ ಅವಳ ಓದು ಅರ್ಧಕ್ಕೆ ನಿಲ್ಲುತ್ತಿತ್ತು. ಆ ಕಾಗದಕ್ಕೆ ಸಾಹೇಬರ ಸಹಿ ಬೇಕು. ಕೇಳಿದಾಗಲೆಲ್ಲ ಒಂದೇ ಉತ್ತರ: "ಮೊದಲು ಮುನ್ನೂರು ಆಗ್ಲಿ ಕಣ್ರೀ, ಆಮೇಲೆ ಆರಾಮಾಗಿ ನೋಡೋಣ." ಹಾಗಾಗಿ ಆ ಮುನ್ನೂರು ಅವರಿಗಿಂತ ನನಗೇ ಹೆಚ್ಚು ಅರ್ಜೆಂಟಾಗಿತ್ತು.

೧. ಬಾಲದ ಬಣ್ಣ

ಸಾಹೇಬರು ಬಲು ಶಿಸ್ತಿನ ಮನುಷ್ಯ. ಅವರ ನಿಯಮ ಹೀಗಿತ್ತು: "ಒಬ್ಬ ಕಂಡರೆ ಅದು ಭ್ರಮೆ, ಇಬ್ಬರು ಕಂಡರೆ ಹಕ್ಕಿ." ನೋಟ್‌ಬುಕ್ಕಿನಲ್ಲಿ ಪ್ರತಿ ಹಕ್ಕಿಯ ಮುಂದೆ ಸಾಕ್ಷಿಯ ಸಹಿ ಆಗಬೇಕು. ಅವರ ಹೆಂಡತಿ, ನಮ್ಮೆಲ್ಲರ ಬಾಯಲ್ಲಿ 'ಅಮ್ಮನವರು', ಕೂಡ ಜೊತೆಗೆ ಬರುತ್ತಿದ್ದರು. ಆದರೆ ಆಯಮ್ಮ ಮೊದಲ ದಿನವೇ "ನಂಗೇನೂ ಕಾಣಲಿಲ್ಲಪ್ಪ" ಎಂದು ನಿಜ ಹೇಳಿ ಸಾಕ್ಷಿಯ ಕೆಲಸ ಕಳೆದುಕೊಂಡಿದ್ದರು. ಡ್ರೈವರ್, ಮಚಾಕೋಸ್ ಊರಿನ ಕಡೆಯ ವಯಸ್ಸಾದವರು, ಕನ್ನಡದವರ ಕಾರು ಓಡಿಸಿ ಓಡಿಸಿ ನಮ್ಮ ಮಾತು ಕಲಿತಿದ್ದರು. ಇಲ್ಲಿ ಹಿರಿಯರನ್ನು ಕರೆಯುವ ಹಾಗೆ ನಾವೂ 'ಮ್ಝೇ' ಎನ್ನುತ್ತಿದ್ದೆವು, ಅವರು ನಮಗೆ 'ಬ್ವಾನ', ಅಂದರೆ ಸಾರ್, ಎನ್ನುತ್ತಿದ್ದರು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಉಳಿದವನು ನಾನು.

ನೈರೋಬಿಯ ಹೊರಗೆ ಕಿಟೆಂಗೆಲಾ ಊರು ದಾಟಿ ಮಣ್ಣು ರಸ್ತೆಗೆ ಇಳಿದರೆ ಎರಡೂ ಕಡೆ ಬರೀ ಒಣಹುಲ್ಲು. ಸಾಹೇಬರು ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿದರು.

"ಅಗೋ! ಆ ಹುಲ್ಲಿನ ತುದೀಲಿ!"

ಹುಲ್ಲು ಮೈಲಿಗಟ್ಟಲೆ ಇತ್ತು, ತುದಿಗಳೂ ಅಷ್ಟೇ ಇದ್ದವು.

"ಕಾಣ್ತೇನ್ರೀ?"

"ಕಾಣ್ತು ಸಾರ್."

"ಬಾಲ ಯಾವ ಬಣ್ಣ?"

"ನಿಮಗೆ ಯಾವ ಬಣ್ಣ ಕಂಡಿತೋ ಅದೇ ಸಾರ್."

"ಕರೆಕ್ಟ್!" ಎಂದವರೇ ಬರೆದುಕೊಂಡರು. ನಾನು ಸಹಿ ಹಾಕಿದೆ.

೨. ಉದ್ದಿನವಡೆ

ಹಕ್ಕಿ ನೋಡುವವರು ಬೆಳಕು ಹರಿಯುವ ಮೊದಲೇ ಹೊರಡಬೇಕಂತೆ. ನಾವೂ ಹೊರಡುತ್ತಿದ್ದೆವು. ಆದರೆ ಏಳೂವರೆಗೆಲ್ಲ ಅಮ್ಮನವರ ಪುಳಿಯೋಗರೆ ಡಬ್ಬಿಯ ಘಮ ಕಾರು ತುಂಬಿ, ಮೊದಲು ಸಿಕ್ಕ ಜಾಲಿಮರದ ಕೆಳಗೆ ಚಾಪೆ ಬೀಳುತ್ತಿತ್ತು. ಹಕ್ಕಿಗಳು ಚುರುಕಾಗಿರುವ ಹೊತ್ತಿನಲ್ಲೇ ನಾವು ಚಟ್ನಿ ಹಂಚಿಕೊಳ್ಳುತ್ತಿದ್ದೆವು.

ಒಂದು ಭಾನುವಾರ ಸಾಹೇಬರು ವಡೆ ಕೈಯಲ್ಲಿ ಹಿಡಿದು, ಹಕ್ಕಿ ನೋಡಲು ಎಷ್ಟು ಏಕಾಗ್ರತೆ ಬೇಕು ಎಂದು ಉಪದೇಶ ಮಾಡುತ್ತಿದ್ದರು. ಮೇಲಿಂದ ಒಂದು ಹದ್ದು ಬಂದದ್ದೇ ಗೊತ್ತಾಗಲಿಲ್ಲ. ವಡೆ ಹೋಯಿತು, ಸಾಹೇಬರ ಬೆರಳಿಗೆ ಗೀರೂ ಬಿತ್ತು.

"ಅಯ್ಯೋ, ಡೆಟಾಲ್ ಎಲ್ರೀ?" ಎಂದು ಅಮ್ಮನವರು ಎದ್ದರು.

"ಡೆಟಾಲ್ ಆಮೇಲೆ. ಮೊದಲು ನೋಟ್‌ಬುಕ್ ಕೊಡೇ."

"ಸಾರ್, ಈ ಹದ್ದು ಆಗಲೇ ಪಟ್ಟಿಯಲ್ಲಿದೆಯಲ್ಲ" ಅಂದೆ. ಆವತ್ತು ಮೊದಲ ಸಲ ಸತ್ಯ ಬಾಯಿಗೆ ಬಂದಿತ್ತು.

ಸಾಹೇಬರು ನನ್ನನ್ನು ಕನಿಕರದಿಂದ ನೋಡಿದರು. "ಪಟ್ಟಿಯಲ್ಲಿರೋದು ಮಾಂಸಾಹಾರಿ ಕಣ್ರೀ. ಇದು ಉದ್ದಿನವಡೆ ತಿಂತು. ಜಾತಿಯೇ ಬೇರೆ."

ಸಹಿ ಹಾಕಿದೆ. ಅಷ್ಟು ಸಮೀಪದಿಂದ ನಾನು ನಿಜವಾಗಿ ಕಂಡ ಹಕ್ಕಿ ಅದೊಂದೇ.

೩. ರೆಕ್ಕೆ ಒಣಗಿಸುವ ಹಕ್ಕಿ

ಇನ್ನೊಮ್ಮೆ ದೂರದ ಮುಳ್ಳುಬೇಲಿಯ ಮೇಲೆ ಕಪ್ಪಗೆ, ದೊಡ್ಡದಾಗಿ ಏನೋ ಕೂತಿತ್ತು. ಸಾಹೇಬರು ಕಾರು ನಿಲ್ಲಿಸಿ, ಉಸಿರು ಬಿಗಿಹಿಡಿದು, ಇಪ್ಪತ್ತು ನಿಮಿಷ ನೋಡಿದರು.

"ರೆಕ್ಕೆ ಒಣಗಿಸ್ತಿದೆ ನೋಡ್ರೀ. ಎಂಥ ಗಾಂಭೀರ್ಯ! ಕತ್ತು ಒಳಗೆ ಎಳಕೊಂಡಿದೆ, ಅದಕ್ಕೇ ಕಾಣ್ತಿಲ್ಲ."

"ಹೌದು ಸಾರ್, ನಾಚಿಕೆ ಸ್ವಭಾವ ಇರಬೇಕು."

ಗಾಳಿ ಬೀಸಿತು. ಹಕ್ಕಿ ಮೇಲಕ್ಕೆದ್ದು, ಪಲ್ಟಿ ಹೊಡೆದು, ಹುಲ್ಲಿನ ಮೇಲೆ ತೇಲಿಕೊಂಡು ಹೋಯಿತು. "ರೆಕ್ಕೆ ಬಡೀದೇ ಹಾರಿತಲ್ರೀ!" ಎನ್ನುವಾಗ ಸಾಹೇಬರ ಕಣ್ಣಲ್ಲಿ ನೀರು ಬಂತು. ಪಾಪ ಎನ್ನಿಸಿತು. ಆದರೂ ಸಹಿ ಹಾಕಿದೆ.

ಸಂಜೆ ನನ್ನನ್ನು ಸೌತ್ ಬಿ ಬಡಾವಣೆಯ ಮನೆಯ ಹತ್ತಿರ ಇಳಿಸುವಾಗ ಕಾರಿನಲ್ಲಿ ಮ್ಝೇ ಒಬ್ಬರೇ ಇದ್ದರು. "ಆ ಕಪ್ಪು ಹಕ್ಕಿಗೆ ನಿಮ್ಮ ಕಡೆ ಏನಂತಾರೆ, ಮ್ಝೇ?" ಎಂದು ಕೇಳಿದೆ.

"ಪ್ಲಾಸ್ಟಿಕ್ ಚೀಲ ಅಂತಾರೆ, ಬ್ವಾನ. ಅಂಗಡಿಯಲ್ಲಿ ಸಕ್ಕರೆ ತುಂಬಿ ಕೊಡ್ತಾರೆ."

"ಅಲ್ಲೇ ಹೇಳಬಾರದಿತ್ತೇ?"

"ಅವರು ನನ್ನನ್ನು ಕೇಳಲಿಲ್ಲ, ನಿಮ್ಮನ್ನು ಕೇಳಿದರು."



೪. ಮುನ್ನೂರು

ಮಾರ್ಚಿನ ಕೊನೆಯ ಭಾನುವಾರ. ಇನ್ನೂರ ತೊಂಬತ್ತೊಂಬತ್ತು ಆಗಿತ್ತು. ನನ್ನ ಕಾಗದ ಸಾಹೇಬರ ಬ್ಯಾಗಿನಲ್ಲೇ ಇತ್ತು. ಬೆಳಗಿನಿಂದ ಹೊಸದೊಂದು ಹಕ್ಕಿ ಇಲ್ಲ. ಅಮ್ಮನವರಿಗೆ ಸಾಕಾಗಿ, "ಯಾವುದಾದ್ರೂ ಒಂದು ಕೋಳಿ ಬರ್ಕೊಂಡು ಮುಗಿಸ್ರೀ" ಎಂದರು. ಸಾಹೇಬರ ಮುಖ ಸಪ್ಪಗಾಯಿತು. ನನಗೆ ಮಗಳ ಶಾಲೆ ಕಣ್ಣೆದುರು ಬಂತು. ಖಾಲಿ ಹುಲ್ಲಿನತ್ತ ಕೈ ಚಾಚಿ ಕಿರುಚಿಬಿಟ್ಟೆ.

"ಸಾರ್, ಅಗೋ!"

ಬೈನಾಕ್ಯುಲರ್ ಅತ್ತ ತಿರುಗಿತು. "ಕಂಡೆ! ಕಂಡೆ!"

"ಬಾಲ ಕಾಣ್ತಾ ಸಾರ್?"

"ಕೆಂಪು! ತುದೀಲಿ ಬಿಳಿ ಪಟ್ಟೆ!"

ನನಗೇ ಭಯವಾಗಿ ಇನ್ನೊಮ್ಮೆ ನೋಡಿದೆ. ಹುಲ್ಲೇ.

ಸಾಹೇಬರು ನನ್ನನ್ನು ತಬ್ಬಿಕೊಂಡರು. ಬಾನೆಟ್ ಮೇಲೆ ನನ್ನ ಕಾಗದ ಇಟ್ಟು, ಏನೇನೋ ಬರೆದು, ಸಹಿ ಹಾಕಿ ಕೊಟ್ಟರು. ಓದಿದೆ. "ಇವರ ಕಣ್ಣು ಬಹಳ ಚುರುಕು. ಇಲ್ಲದ್ದನ್ನು ಇದೆ ಎನ್ನುವವರಲ್ಲ. ಇಂಥವರನ್ನು ನೈರೋಬಿಯಲ್ಲಿ ವ್ಯರ್ಥ ಮಾಡದೆ, ಬೆಂಗಳೂರಿನ ಕ್ವಾಲಿಟಿ ವಿಭಾಗಕ್ಕೆ ಕೂಡಲೇ ಕರೆಸಿಕೊಳ್ಳತಕ್ಕದ್ದು."

"ಪ್ರಮೋಷನ್ ಕಣ್ರೀ!" ಎಂದು ಬೆನ್ನು ತಟ್ಟಿದರು.

ಕಾಗದ ಅವರಿಗೇ ವಾಪಸು ಚಾಚಿದೆ. "ಸಾರ್, ತಪ್ಪಾಯ್ತು. ವಡೆ ಕಿತ್ತುಕೊಂಡದ್ದು ಒಂದು ಬಿಟ್ಟರೆ ನಾನು ಯಾವ ಹಕ್ಕೀನೂ ನೋಡಿಲ್ಲ. ಈಗಿನದಂತೂ ಅಲ್ಲಿ ಇರಲೇ ಇಲ್ಲ."

ಸಾಹೇಬರ ಮುಖ ಕೆಂಪಾಯಿತು. ಆದರೆ ನಿಯಮ ಬಿಡುವವರೇ ಅವರು? "ಇರಲಿಲ್ಲ ಅಂತ ನೀವೊಬ್ಬರೇ ಹೇಳ್ತಿದೀರಿ. ಒಬ್ಬ ಹೇಳಿದರೆ ಅದು ಭ್ರಮೆ. ಸಾಕ್ಷಿ ಯಾರು?"

ಅಮ್ಮನವರತ್ತ ನೋಡಿದೆ. ಅವರು ಚಾಪೆಯ ಮೇಲೆ ನಿದ್ದೆಹೋಗಿದ್ದರು. ಮ್ಝೇ ಕಡೆ ಕೈ ತೋರಿಸಿದೆ. ಆ ಬೇಸಿಗೆಯಲ್ಲೇ ಮೊದಲ ಸಲ ಸಾಹೇಬರು ಅವರತ್ತ ತಿರುಗಿ ಕೇಳಿದರು: "ಮ್ಝೇ, ಹಕ್ಕಿ ಕಂಡಿತಾ?"

ಮ್ಝೇ ಹುಲ್ಲನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಸಾಹೇಬರನ್ನು ನೋಡಿದರು.

"ಕಂಡಿತು, ಬ್ವಾನ. ಕೆಂಪು ಬಾಲ. ತುದಿಯಲ್ಲಿ ಬಿಳಿ ಪಟ್ಟೆ."

ವಾಪಸು ಬರುವಾಗ ಸಾಹೇಬರು, ಅಮ್ಮನವರು ಮೊದಲು ಇಳಿದರು. ಅವರು ಒಳಗೆ ಹೋದದ್ದೇ ನಾನು ಸಿಡಿದುಬಿದ್ದೆ. "ನನ್ನ ಮಗಳ ಶಾಲೆ ಹೋಯ್ತಲ್ಲ, ಮ್ಝೇ! ಯಾಕೆ ಹಾಗಂದ್ರಿ?"

ಮ್ಝೇ ಗೇರು ಬದಲಿಸಿ ಸಮಾಧಾನವಾಗಿ ಹೇಳಿದರು: "ನನ್ನ ಕಾಗದಕ್ಕೆ ಅವರ ಸಹಿ ಇನ್ನೂ ಆಗಿಲ್ಲ, ಬ್ವಾನ."