ಮತ್ತು ಕುಟುಂಬ

ನಾರಾಯಣಸ್ವಾಮಿಯವರಿಗೆ ಬಂದ ಕಷ್ಟಕ್ಕೆಲ್ಲ ಮೂಲ ಒಂದು ಮೊಳೆ.

ವಿಶಾಖಪಟ್ಟಣದ ಸರ್ಕಾರಿ ಕಾರ್ಖಾನೆಯೊಂದರ ಟೌನ್‌ಶಿಪ್ಪಿನಲ್ಲಿ ಕನ್ನಡ ಸಂಘದ ಹಾಲ್ ಇದೆ. ಅದರ ಗೋಡೆಯ ಮೇಲೆ ಹದಿನಾಲ್ಕು ಅಧ್ಯಕ್ಷರ ಫೋಟೊಗಳು ಸಾಲಾಗಿವೆ. ಹದಿನೈದನೆಯದಕ್ಕೆಂದು ಎರಡು ವರ್ಷದ ಹಿಂದೆಯೇ ಮೊಳೆ ಹೊಡೆದಿಟ್ಟವರು ಜಂಟಿ ಕಾರ್ಯದರ್ಶಿ ನಾರಾಯಣಸ್ವಾಮಿಯವರು. ಹೊಡೆಯುವಾಗ ಸುತ್ತಿಗೆ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರಿತ್ತು. ಉಗುರೇನೋ ಹೊಸದು ಬಂತು, ಮೊಳೆ ಮಾತ್ರ ಬರಿದಾಗಿಯೇ ಉಳಿಯಿತು.

ಹನ್ನೊಂದು ವರ್ಷ ಜಂಟಿ ಕಾರ್ಯದರ್ಶಿಯೆಂದರೆ ಸಾಮಾನ್ಯವಲ್ಲ. ಕುರ್ಚಿ ಹಾಕಿಸುವುದು, ಕುರ್ಚಿ ಎತ್ತಿಸುವುದು, ರಿಜಿಸ್ಟರ್ ಬರೆಯುವುದು. ಸಂಘದ ಮೈಕಿನಲ್ಲಿ ಅವರು 'ಹಲೋ, ಮೈಕ್ ಟೆಸ್ಟಿಂಗ್' ಅಂದದ್ದು ಬಿಟ್ಟರೆ ಬೇರೆ ಮಾತಾಡಿದ್ದೇ ಇಲ್ಲ. ಇನ್ನು ಏಳು ತಿಂಗಳಿಗೆ ರಿಟೈರ್ಮೆಂಟು. ಆಮೇಲೆ ಕ್ವಾರ್ಟರ್ಸ್ ಬೀಗದ ಕೈ ಕೊಟ್ಟು ತಿಪಟೂರಿನ ಕಡೆ ಮುಖ ಮಾಡಬೇಕು. ಮೂವತ್ತೊಂದು ವರ್ಷ ಇಲ್ಲಿ ನಾರಾಯಣಸ್ವಾಮಿ ಅಂತ ಒಬ್ಬ ಮನುಷ್ಯ ಇದ್ದ ಅನ್ನುವುದಕ್ಕೆ ಸಾಕ್ಷಿ ಏನು? ಆ ಗೋಡೆಯ ಮೇಲೊಂದು ಫೋಟೊ. ಅಷ್ಟೇ ಅವರ ಆಸೆ, ಪಾಪ.

ಈ ಸಲ ಎಲ್ಲ ಸರಿಯಾಗಿ ಕೂಡಿಬಂದಿತ್ತು. ಒಂಬತ್ತು ಸ್ಥಾನಕ್ಕೆ ಒಂಬತ್ತೇ ಜನ, ಅಧ್ಯಕ್ಷ ಸ್ಥಾನಕ್ಕೆ ನಾರಾಯಣಸ್ವಾಮಿ. ಯಾರಿಗೆ ಯಾವಾಗ ಟ್ರಾನ್ಸ್‌ಫರ್ ಬರುತ್ತದೋ ಅಂತ, ಆಯ್ಕೆಯಾದ ದಿನವೇ ಫೋಟೊ ನೇತುಹಾಕುವುದು ಈ ಸಂಘದ ಪದ್ಧತಿ. ಅದಕ್ಕಾಗಿ ಅವರು ತಮ್ಮ ಮದುವೆಯ ಬೆಳ್ಳಿಹಬ್ಬದ ಫೋಟೊವನ್ನು ಸ್ಟುಡಿಯೋದವನಿಗೆ ಕೊಟ್ಟಿದ್ದರು. ಅವನು ಹೆಂಡತಿ ರತ್ನಮ್ಮನನ್ನು ತೆಗೆದು, ಗಂಡನೊಬ್ಬನನ್ನೇ ಕಟ್ಟು ಹಾಕಿಕೊಟ್ಟಿದ್ದ. ಭುಜದ ಮೇಲೆ ರತ್ನಮ್ಮನ ನಾಲ್ಕು ಬೆರಳು ಮಾತ್ರ ಉಳಿದುಕೊಂಡಿದ್ದವು. 'ಜರಿ ಶಾಲಿನ ಅಂಚು ಅಂದ್ಕೋತಾರೆ ಬಿಡಿ' ಅಂದಿದ್ದ ಸ್ಟುಡಿಯೋದವನು.

ನಾಮಪತ್ರದ ದಿನ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಬೆಳಗಿನಿಂದ ಮೋಡ ಕವಿದಿತ್ತು. ವಿಜಯವಾಡದಲ್ಲಿರುವ ಕನ್ನಡ ಸಂಘಗಳ ಒಕ್ಕೂಟದಿಂದ ಚುನಾವಣಾಧಿಕಾರಿಯಾಗಿ ದುರ್ಗಾಂಬ ಮೇಡಂ ಬಂದಿಳಿದರು. ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ತಾಯಿಯ ಮನೆ ಕನ್ನಡ, ಗಂಡನ ಮನೆ ತೆಲುಗು. ಎಲ್ಲರಿಗೂ ತಮ್ಮೂರಿನ ಇಂದ್ರಕೀಲಾದ್ರಿ ಬೆಟ್ಟದ ದೇವಿಯ ಕುಂಕುಮ ಕೊಟ್ಟು, ಅದೇ ಕೈಯಿಂದ ಅಭ್ಯರ್ಥಿಗಳ ಪಟ್ಟಿಯನ್ನು ಹಿಂದಕ್ಕೆ ಕೊಟ್ಟರು.

"ಏನಂಡಿ ಇದು? ಒಂಬತ್ತಕ್ಕೆ ಒಂಬತ್ತೂ ಗಂಡಸರೇ! ಮೂವರಾದರೂ ಹೆಂಗಸರು ನಿಲ್ಲಬೇಕು ಅಂತ ಸರ್ಕ್ಯುಲರ್ ಕಳಿಸಿದ್ವಲ್ಲ?"

ಸರ್ಕ್ಯುಲರ್ ಬಂದಿತ್ತು. ನಾಲ್ಕು ಮಡಿಕೆಯಾಗಿ, ಆಕೆ ಕೈಯೂರಿದ್ದ ಮೇಜಿನ ಅಲುಗಾಡುವ ಕಾಲಿನ ಕೆಳಗೇ ಇತ್ತು.

"ನಮ್ಮ ಹೆಂಗಸರಿಗೆ ಇದರಲ್ಲೆಲ್ಲ ಆಸಕ್ತಿ ಕಮ್ಮಿ ಮೇಡಂ" ಅಂದರು ನಾರಾಯಣಸ್ವಾಮಿ.

"ಯಾರನ್ನ ಕೇಳಿದ್ರಿ?"

ಯಾರನ್ನೂ ಕೇಳಿರಲಿಲ್ಲ.

"ನಿಮ್ಮ ರಿಜಿಸ್ಟರಿನಲ್ಲಿ ಮೂವರು ಮಹಿಳಾ ಸದಸ್ಯರಿದಾರೆ ಅಂತ ನೀವೇ ವರದಿ ಕಳಿಸಿದೀರಿ. ಆ ಮೂವರನ್ನೇ ನಾಲ್ಕು ಗಂಟೆಯೊಳಗೆ ಒಪ್ಪಿಸಿ. ಇಲ್ಲಾಂದ್ರೆ ಚುನಾವಣೆ ರದ್ದು. ಎರಡು ವರ್ಷ ಒಕ್ಕೂಟದ ಆಡಳಿತಾಧಿಕಾರಿ ಬಂದು ಕೂತ್ಕೋತಾರೆ. ನಂಗೆ ಐದೂ ನಲವತ್ತಕ್ಕೆ ಟ್ರೈನಂಡಿ."

ನಾರಾಯಣಸ್ವಾಮಿ ಬೆರಳು ಮಡಚಿ ಎಣಿಸಿದರು. ಎರಡು ವರ್ಷ! ಅವರ ಹತ್ತಿರ ಇದ್ದದ್ದು ಏಳು ತಿಂಗಳು. ಒಂಬತ್ತರ ಜೊತೆಗೆ ಇನ್ನು ಮೂರು ಹೆಸರು ಸೇರಿಸಿದರಾಯಿತು ಅಂದುಕೊಂಡರು.

ಆ ಮೂವರ ಕತೆ ಹೀಗೆ. ಸಂಘದ ರಿಜಿಸ್ಟರಿನಲ್ಲಿ ಮನೆಗೊಂದು ಸಾಲು: 'ಶಂಕರಪ್ಪ ಮತ್ತು ಕುಟುಂಬ', 'ಅಜಯ್ ಮತ್ತು ಕುಟುಂಬ' ಅಂತ. ಹೆಂಗಸರೆಲ್ಲ ಮಕ್ಕಳುಮರಿಯ ಜೊತೆ ಆ 'ಕುಟುಂಬ'ದೊಳಗೆ. ಮಹಿಳಾ ಸದಸ್ಯರೇ ಇಲ್ಲದ ಸಂಘಕ್ಕೆ ಮಾನ್ಯತೆ ಇಲ್ಲ ಅಂತ ಮೂರು ವರ್ಷದ ಹಿಂದೆ ಒಕ್ಕೂಟ ಬೆದರಿಸಿದಾಗ, ನಾರಾಯಣಸ್ವಾಮಿ ಒಂದು ಮಧ್ಯಾಹ್ನ ಕೂತು ಮೂರು ಮನೆಯ ಹೆಂಗಸರ ಹೆಸರನ್ನು ಯಾರಿಗೂ ಹೇಳದೆ ರಿಜಿಸ್ಟರಿಗೆ ಸೇರಿಸಿದ್ದರು. ಮೊದಲ ಹೆಸರು ತಮ್ಮ ಹೆಂಡತಿಯದೇ. ಕಾಗದದ ಮೇಲೆ ತಾನೆ!

ಸ್ಕೂಟರ್ ಹತ್ತಿ ಮನೆಗೆ ಓಡಿದರು. ರತ್ನಮ್ಮ ದುರ್ಗಾಂಬ ಮೇಡಂಗೆ ಬಿಸಿಬೇಳೆಬಾತು ಕುದಿಸುತ್ತಿದ್ದರು. ಗಂಡ ಬೆಳಗ್ಗೆಯೇ ಆರ್ಡರ್ ಕೊಟ್ಟು ಹೋಗಿದ್ದರು.

"ರತ್ನಾ, ಇಲ್ಲೊಂದು ಸೈನ್ ಹಾಕು. ಹೆಸರಿಗೆ ಮಾತ್ರ ಕಣೇ. ಕೆಲಸ ಎಲ್ಲ ನಾನೇ ಮಾಡ್ತೀನಿ."

"ಹೆಸರಿಗೆ ಮಾತ್ರ ಅಂತೀರಲ್ಲ, ನಂಗೆ ಅಂತ ಇರೋದು ಅದೊಂದೇ" ಅಂದರು ರತ್ನಮ್ಮ ಸೌಟು ತಿರುಗಿಸುತ್ತ. "ಮೂವತ್ತು ವರ್ಷದಿಂದ ನಿಮ್ಮ ಸಂಘಕ್ಕೆ ಉಪ್ಪಿಟ್ಟು ಕೆದಕಿದೀನಿ. ಬಾಮ್ಮ, ಒಂದ್ನಿಮಿಷ ಕೂತ್ಕೋ ಅಂತ ಯಾರಾದ್ರೂ ಅಂದಿದಾರಾ?"

"ಈಗ ಅಂತಾರಲ್ಲ!"

"ಅಧ್ಯಕ್ಷರಾಗಿ ನೀವೇನು ಮಾಡ್ತೀರಿ?"

"ಮಾಡೋದೇನು ಬಂತು? ಅಧ್ಯಕ್ಷರಿಗೆ ಏನೂ ಕೆಲಸ ಇರಲ್ಲ ಕಣೇ. ಕೂತ್ಕೊಳ್ಳೋದು."

ರತ್ನಮ್ಮ ಒಲೆ ಸಣ್ಣ ಮಾಡಿ ಗಂಡನ ಮುಖ ನೋಡಿದರು. "ಪುಣ್ಯವಂತರು. ನಾನು ಸೈನ್ ಹಾಕಲ್ಲ. ಬಾತು ಒಂದು ಗಂಟೆಗೆ ನಾನೇ ತಂದುಕೊಡ್ತೀನಿ, ಹೋಗಿ."

ಎರಡನೆಯ ಮನೆ ಎದುರಿನ ಸಾಲಿನ ಶಂಕರಪ್ಪನವರದು. ಹುಬ್ಬಳ್ಳಿಯ ಕಡೆಯವರು, ಇದೇ ಪಟ್ಟಿಯಲ್ಲಿ ಉಪಾಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿ. ಹೆಂಡತಿಯ ವಿಷಯ ಎತ್ತಿದಾಗ ಅವರು ಬಾಗಿಲಿಗೆ ಅಡ್ಡಲಾಗಿ ನಿಂತೇ ಮಾತಾಡಿದರು.

"ಹೈಮಾವತಿನ್ನ ನಿಲ್ಲಸೂದಾ? ಆಕಿಗೆ ಅದೆಲ್ಲ ಸೇರೂದಿಲ್ಲ ಬಿಡ್ರಿ."

"ಒಂದು ಮಾತು ಕೇಳಿ ನೋಡೋಣ."

"ಕೇಳೂದೇನದರಾಗ? ನನಗ ಗೊತ್ತಿಲ್ಲೇನು?"

ಒಳಗಿನಿಂದ ದನಿ ಬಂತು. "ಯಾರ್ರೀ ಅದು?"

"ಏನಿಲ್ಲ, ಪೇಪರಿನಾಂವ!"

"ಪೇಪರಿನಾಂವ ನನ್ನ ಹೆಸರ ಯಾಕ ತಗೋಳಾಕತ್ತಾನ?"

ಬಾಗಿಲು ಮುಚ್ಚಿತು. ಗಂಟೆ ಹನ್ನೊಂದೂವರೆ. ನಾರಾಯಣಸ್ವಾಮಿಯವರಿಗೆ ಅಳು ಬರುವುದೊಂದು ಬಾಕಿ.

ಮೂರನೆಯ ಮನೆಯ ಅಜಯ್ ಮೂವತ್ತೈದರ ಹುಡುಗ, ಸಾಂಸ್ಕೃತಿಕ ಕಾರ್ಯದರ್ಶಿ ಸ್ಥಾನಕ್ಕೆ ನಿಂತವನು. ಹೆಂಡತಿಯನ್ನು ನಿಲ್ಲಿಸುವ ವಿಷಯ ಕೇಳಿದ್ದೇ ಹಬ್ಬ ಬಂದ ಹಾಗೆ ಕುಣಿದ.

"ಹಂಸಾ ನಿಲ್ತಾಳೆ ಅಂಕಲ್! ನಾನು ಹೇಳಿದ ಮೇಲೆ ಮುಗೀತು."

"ಎಲ್ಲಿ ಅವಳು?"

"ಅನಕಾಪಲ್ಲಿಗೆ ಹೋಗಿದಾಳೆ, ಚಿಕ್ಕಮ್ಮನ ಮನೆಗೆ. ಒಂದ್ನಿಮಿಷ ಇರಿ."

ಒಂದು ನಿಮಿಷ ಅಂದವನು ಎರಡು ಗಂಟೆ ಹಿಡಿದ. ಫೋನಿನಲ್ಲಿ ಪೋಸ್ಟರ್ ಮಾಡುತ್ತಿದ್ದ. ಪೋಸ್ಟರಿನ ತುಂಬ ಅಜಯ್, ಕೈಮುಗಿದುಕೊಂಡು. ಮೂಲೆಯಲ್ಲಿ ಅಂಚೆಚೀಟಿಯಷ್ಟು ಹಂಸಾ.

"ಅವಿರೋಧ ಆಯ್ಕೆ ಅಲ್ವೇನಪ್ಪ? ಕೈ ಯಾರಿಗೆ ಮುಗೀತಿದೀಯ?"

"ಸ್ಟೇಟಸ್‌ಗೆ ಅಂಕಲ್." ಪೋಸ್ಟರ್ ಹಾರಿಬಿಟ್ಟು, ನಾಮಪತ್ರ ತೆಗೆದುಕೊಂಡು 'ಹಂಸಾ ಅಜಯ್' ಅಂತ ಸರಸರನೆ ಸಹಿ ಹಾಕಿದ. "ಅವಳ ಸೈನು ಅವಳಿಗಿಂತ ನಾನೇ ಚೆನ್ನಾಗಿ ಹಾಕ್ತೀನಿ."

ಕಳ್ಳ ಸಹಿ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಕಾಗದವನ್ನು ಅಂಗಿಯೊಳಗೆ ಇಟ್ಟುಕೊಂಡು ಹೊರಟರೆ ನಡುದಾರಿಯಲ್ಲಿ ಮಳೆ ಹೊಡೆಯಿತು, ಸ್ಕೂಟರ್ ನಿಂತಿತು. ತಳ್ಳಿಕೊಂಡು ಬಂದು ಬಸ್ ಶೆಲ್ಟರಿನಲ್ಲಿ ಕಾಗದ ತೆಗೆದರೆ ಬರೀ ನೀಲಿ ಮೋಡ. ಹಂಸಾಳ ಸಹಿ ನಾಮಪತ್ರ ಬಿಟ್ಟು ಅವರ ಬನಿಯನ್ನಿಗೆ ಇಳಿದಿತ್ತು. ಎದೆಯ ಮೇಲೆ ಇನ್ನೊಬ್ಬರ ಮನೆ ಹುಡುಗಿಯ ಹೆಸರು! ರತ್ನಮ್ಮ ನೋಡಿದರೆ ಏನು ಗತಿ ಅಂತ ಅಂಗಿಯ ಗುಂಡಿಯನ್ನೆಲ್ಲ ಕುತ್ತಿಗೆಯವರೆಗೂ ಹಾಕಿಕೊಂಡರು.

ಮುಗಿಯಿತು. ಮೂವತ್ತೊಂದು ವರ್ಷದ ಬಾಳು ಒಂದು ಮೊಳೆಯಷ್ಟೂ ಉಳಿಯಲಿಲ್ಲ. ಮನೆಗೆ ಹೋಗಿ ಮಲಗೋಣವೆನ್ನಿಸಿತು. ಆದರೂ ಕಟ್ಟು ಹಾಕಿಸಿದ ಫೋಟೊ ಪೇಪರಿನಲ್ಲಿ ಸುತ್ತಿ ಹಾಲಿನಲ್ಲೇ ಇಟ್ಟಿದ್ದರು. ಅದನ್ನಾದರೂ ತರೋಣವೆಂದು ಸ್ಕೂಟರ್ ತಳ್ಳುತ್ತ ಹೋದರು. ತಲುಪಿದಾಗ ಗಂಟೆ ಮೂರೂ ಐವತ್ತು.

ಒಳಗೆ ಹೆಜ್ಜೆಯಿಟ್ಟರೆ, ದುರ್ಗಾಂಬ ಮೇಡಂ ಪಕ್ಕದಲ್ಲಿ ಮೂರು ಕುರ್ಚಿ, ಮೂರರಲ್ಲೂ ಹೆಂಗಸರು. ರತ್ನಮ್ಮ ಕೂತಿದ್ದರು. ಹೈಮಾವತಿ ಕೂತಿದ್ದರು. ಅಂಗೈಯಗಲದ ಬೆಲ್ಲದ ಅಚ್ಚು ಮಡಿಲಲ್ಲಿಟ್ಟುಕೊಂಡು ಹಂಸಾ ಕೂತಿದ್ದಳು.

"ಬಂದ್ರಲ್ಲ ಪೇಪರಿನಾವ್ರು!" ಅಂದರು ಹೈಮಾವತಿ. "ನನ್ನ ಹೆಸರ ಯಾಕ ಬಂತು ಅಂತ ಕೇಳಾಕ ನಾನೂ ರತ್ನಮ್ಮನ ಜೋಡಿ ಬಂದೆ."

ಹಂಸಾ ಅಂದಳು: "ಅಂಕಲ್, ನಾನು ಎಲೆಕ್ಷನ್‌ಗೆ ನಿಂತಿರೋದು ನಂಗೆ ಅನಕಾಪಲ್ಲಿ ಮಾರ್ಕೆಟ್‌ನಲ್ಲಿ ಬೆಲ್ಲ ತಗೋಬೇಕಾದ್ರೆ ವಾಟ್ಸಾಪ್‌ನಲ್ಲಿ ಗೊತ್ತಾಯ್ತು. ಹೆಂಗೂ ನಿಂತಾಯ್ತಲ್ಲ, ನೋಡ್ಕೊಂಡು ಹೋಗೋಣ ಅಂತ ಬಂದೆ."

"ಊಟ ತಂದೋರನ್ನ ನಾನೇ ಕೂರಿಸಿ ಮಾತಾಡ್ಸಿದೆ" ಅಂದರು ದುರ್ಗಾಂಬ ಮೇಡಂ. "ಮೂವರೂ ಸೈನ್ ಹಾಕಿದಾರಂಡಿ. ಯಾರೂ ಕೇಳಿರಲಿಲ್ಲ, ಅಷ್ಟೇ."

ನಾರಾಯಣಸ್ವಾಮಿಯವರಿಗೆ ದೇವರು ಕಂಡ ಹಾಗಾಯಿತು. ಕಣ್ಣಲ್ಲಿ ನೀರು ಬಂತು. ಎಂಥಾ ಹೆಂಡತಿ! ಒಳಗೆ ಎಷ್ಟು ಮಮತೆ! ಗಡಿಬಿಡಿಯಲ್ಲಿ ಹೋಗಿ ಫೋಟೊಗೆ ಸುತ್ತಿದ ಪೇಪರು ಬಿಚ್ಚತೊಡಗಿದರು. ಅಷ್ಟರಲ್ಲಿ ಶಂಕರಪ್ಪ, ಅಜಯ್ ಮತ್ತು ಉಳಿದ ಆರು ಮಂದಿಯೂ ಬಂದು ಸೇರಿದರು. ನಾಲ್ಕು ಹೊಡೆಯಿತು. ದುರ್ಗಾಂಬ ಮೇಡಂ ರಿಜಿಸ್ಟರ್ ತೆರೆದರು.

"ಒಂಬತ್ತು ಸ್ಥಾನ, ಒಂಬತ್ತು ಅಭ್ಯರ್ಥಿಗಳು. ಎಲ್ಲರೂ ಅವಿರೋಧ."

"ಹನ್ನೆರಡು ಮೇಡಂ" ಅಂದ ಅಜಯ್. "ನಾವು ಒಂಬತ್ತು, ಇವರು ಮೂರು."

"ಮೂರು ನಾಮಪತ್ರ ತಿರಸ್ಕಾರ ಆಗಿದೆ. ಸದಸ್ಯರಲ್ಲದೋರು ನಿಲ್ಲೋ ಹಾಗಿಲ್ಲ. ನೋಡಿ." ಆಕೆ ಬೆರಳಿಟ್ಟು ಓದಿದರು. "'ಶ್ರೀಮತಿ ರತ್ನಮ್ಮ ಮತ್ತು ಕುಟುಂಬ'. 'ಶ್ರೀಮತಿ ಹೈಮಾವತಿ ಮತ್ತು ಕುಟುಂಬ'. 'ಶ್ರೀಮತಿ ಹಂಸಾ ಮತ್ತು ಕುಟುಂಬ'. ಮನೆಗೊಂದೇ ಹೆಸರು ಅಂತ ಗಂಡಸರ ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದೀರಿ. ನಿಮ್ಮದೇ ಅಲ್ವೇನಂಡಿ ಈ ಸಹಿ?"

ಅವರದೇ. ಆ ಮಧ್ಯಾಹ್ನ ಕೆಂಪು ಶಾಯಿಯಲ್ಲಿ, ಸ್ಕೇಲಿಟ್ಟು, ಅಚ್ಚುಕಟ್ಟಾಗಿ ತಾವೇ ಗೆರೆ ಎಳೆದದ್ದು ನಾರಾಯಣಸ್ವಾಮಿಯವರಿಗೆ ಈಗ ನೆನಪಾಯಿತು.

"ಏನ್ರೀ ಸ್ವಾಮಿ!" ಶಂಕರಪ್ಪ ಮೈಮೇಲೆ ಏರಿ ಬಂದರು. "ನನ್ನ ಹೇಳದ ಕೇಳದ ಕುಟುಂಬ ಮಾಡಿಬಿಟ್ಟೀರಲ್ರೀ!"

"ಅದು ಬರೀ ಕಾಗದದ ಮೇಲೆ ಮೇಡಂ..." ನಾರಾಯಣಸ್ವಾಮಿ ಜೇಬಿನ ಪೆನ್ನು ತೆಗೆದರು. "ಈಗಲೇ ತಿದ್ದಿಕೊಡ್ತೀನಿ."

"ತಿದ್ದಬೇಕಾದರೆ ಸರ್ವಸದಸ್ಯರ ಸಭೆ ಕರೀಬೇಕು, ಹದಿನೈದು ದಿನದ ನೋಟಿಸು. ಟೈಮ್ ಆಗೋಯ್ತು. ಉಳಿದ ಆರು ಜನ ಅವರವರ ಸ್ಥಾನಕ್ಕೆ ನಿಂತಾಯ್ತು. ಖಾಲಿ ಆದ ಮೂರಕ್ಕೆ ಈ ಮೂವರು. ಉಪಾಧ್ಯಕ್ಷೆ ಹೈಮಾವತಿ, ಸಾಂಸ್ಕೃತಿಕ ಕಾರ್ಯದರ್ಶಿ ಹಂಸಾ. ಅಧ್ಯಕ್ಷೆ ರತ್ನಮ್ಮ."

ನಾರಾಯಣಸ್ವಾಮಿ ಹೆಂಡತಿಯ ಕಡೆ ತಿರುಗಿದರು. "ರತ್ನಾ... ನೀನಾ?"

"ಯಾವ ಸ್ಥಾನ ಬೇಕಮ್ಮ ಅಂತ ಮೇಡಂ ಕೇಳಿದ್ರು" ಅಂದರು ರತ್ನಮ್ಮ ಮೆಲ್ಲಗೆ. ಅವರ ದನಿಯಲ್ಲಿ ಗೆದ್ದ ಗತ್ತು ಏನೂ ಇರಲಿಲ್ಲ, ಬರೀ ದಣಿವು. "ಕೂತ್ಕೊಳ್ಳೋ ಕೆಲಸ ಯಾವುದೋ ಅದು ಕೊಡಿ ಅಂದೆ. ಬೆಳಗ್ಗೆ ನೀವೇ ಹೇಳಿದ್ರಲ್ಲ."

ಯಾರೋ ಚಪ್ಪಾಳೆ ತಟ್ಟಿದರು. ಇನ್ಯಾರೋ ಪದ್ಧತಿ ನೆನಪಿಸಿದರು: ಫೋಟೊ? ರತ್ನಮ್ಮನ ಒಂಟಿ ಫೋಟೊ ಎಲ್ಲಿಂದ ಬರಬೇಕು? ಮದುವೆಯಾದ ಮೇಲೆ ಅವರೊಬ್ಬರನ್ನೇ ನಿಲ್ಲಿಸಿ ಫೋಟೊ ತೆಗೆದವರೇ ಇಲ್ಲ. ಫೋಟೊ ಇಲ್ಲದಿದ್ದರೂ ಚೌಕಟ್ಟು ಇದೆಯಲ್ಲ ಅಂತ ಅಜಯ್ ಅದರ ಹಿಂದಿನ ರಟ್ಟು ಬಿಚ್ಚಿದ. ಬಿಚ್ಚಿದವನು ಕೂಗಿದ: "ಆಂಟಿ ಇಲ್ಲೇ ಇದಾರೆ!"

ಸ್ಟುಡಿಯೋದವನು ರತ್ನಮ್ಮನನ್ನು ಕತ್ತರಿಸಿರಲಿಲ್ಲ. ಫೋಟೊವನ್ನು ನಡುವೆ ಮಡಚಿ ಹಿಂದಕ್ಕೆ ಹಾಕಿದ್ದ, ಅಷ್ಟೇ. ಅಜಯ್ ಅದನ್ನು ಮಗುಚಿ ಹಾಕಿ ಮತ್ತೆ ರಟ್ಟು ಬಿಗಿದ. ರೇಷ್ಮೆ ಸೀರೆಯ ರತ್ನಮ್ಮ ಗಾಜಿನ ಹಿಂದೆ ಬಂದು ನಿಂತರು. ಎತ್ತರದ ಮೊಳೆ ಯಾರಿಗೂ ಎಟುಕಲಿಲ್ಲ. ಸ್ಟೂಲು ಹತ್ತಿ ನೇತುಹಾಕಿದವರು ನಾರಾಯಣಸ್ವಾಮಿಯವರೇ, ಹನ್ನೊಂದು ವರ್ಷದ ಅಭ್ಯಾಸ.

ಇಳಿದು ಬಂದು ಹೆಂಡತಿಯ ಕಿವಿಯಲ್ಲಿ ಅಂದರು: "ಇರಲಿ ಬಿಡು. ನೀನು ಸುಮ್ಮನೆ ಸೈನ್ ಹಾಕ್ತಾ ಹೋಗು. ಕೆಲಸ ಎಲ್ಲ ನಾನೇ ಮಾಡ್ತೀನಿ."

"ಅದೂ ಬೆಳಗ್ಗೆ ಹೇಳಿದ್ರಿ" ಅಂದರು ಅಧ್ಯಕ್ಷೆ. "ಮೊದಲು ಇಷ್ಟು ಜನಕ್ಕೂ ಉಪ್ಪಿಟ್ಟು ಮಾಡಿ. ಮೇಡಂ ಟ್ರೈನಿಗೆ ಹೋಗೋದರೊಳಗೆ ಆಗ್ಬೇಕು."

ಸಂಘದ ಅಡುಗೆಮನೆಯಲ್ಲಿ ರವೆ ಡಬ್ಬ ಯಾವುದೆಂದು ನಾರಾಯಣಸ್ವಾಮಿಯವರಿಗೆ ಗೊತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಬಾಗಿಲು ದಾಟಿದ್ದೇ ಇಲ್ಲ. ಒಲೆಯ ಮೇಲೆ ಒಗ್ಗರಣೆ ಇಟ್ಟು ಒಂದೊಂದೇ ಮುಚ್ಚಳ ತೆಗೆದು ನೋಡುತ್ತ, ಬಡಿಸುವ ಕಿಂಡಿಯಿಂದ ಹಾಲಿನ ಗೋಡೆಯ ಕಡೆ ನೋಡಿದರು. ಫೋಟೊದಲ್ಲಿ ರತ್ನಮ್ಮನ ಕೈ ಮಣಿಕಟ್ಟಿನವರೆಗೆ ಮಾತ್ರ ಕಾಣುತ್ತಿತ್ತು. ಬೆರಳುಗಳು ಹಿಂದುಗಡೆ ಇದ್ದವು, ಗಂಡನ ಭುಜದ ಮೇಲೆ. ಆಸೆಪಟ್ಟ ಹಾಗೆ ನಾರಾಯಣಸ್ವಾಮಿ ಆ ಗೋಡೆಯ ಮೇಲೆ ಇದ್ದರು ನಿಜ, ಮುಖ ಮಾತ್ರ ಗೋಡೆಗಿತ್ತು.

"ರೀ, ಒಗ್ಗರಣೆ ಸೀದ ವಾಸನೆ ಬರ್ತಿದೆ!" ಅಂತ ರತ್ನಮ್ಮ ಕೂತಲ್ಲಿಂದಲೇ ಕೂಗಿದರು.