ಮಾವನ ಆತ್ಮಕಥೆಗೆ ಅಗ್ಗದ ಮೆಮೊರಿ

ಅಳಿಯನಿಗೆ ಈ ಲೋಕದಲ್ಲಿ ಆಪ್ತಮಿತ್ರ ಅಂತ ಇದ್ದದ್ದು ಮನೆಯ ಮುದಿ ಕಂಪ್ಯೂಟರ್ ಒಂದೇ. ಬಟನ್ ಒತ್ತಿ ಸ್ನಾನಕ್ಕೆ ಹೋದರೆ ತಲೆ ಒರೆಸಿಕೊಂಡು ಬರುವ ಹೊತ್ತಿಗೆ ಅದು ಕಣ್ಣು ಬಿಡುತ್ತಿತ್ತು. ಮನೆಯವರೆಲ್ಲ ಅದಕ್ಕೆ ಹಿಡಿಶಾಪ ಹಾಕಿದರೂ ಅಳಿಯ ಮಾತ್ರ ಅಕ್ಕರೆಯಿಂದ ಧೂಳು ಒರೆಸಿಡುತ್ತಿದ್ದ.

ಕಾರಣ, ಮಾವ. ನಿವೃತ್ತ ಬಸ್ ಕಂಡಕ್ಟರರಾದ ಅವರು ಪ್ರತಿ ಭಾನುವಾರ ಬಂದು ಕುರ್ಚಿಗೊರಗಿ ತಮ್ಮ ಆತ್ಮಕಥೆ ಹೇಳುತ್ತಿದ್ದರು. ಅಳಿಯ ಟೈಪ್ ಮಾಡಬೇಕು. (ಇಷ್ಟು ವಾರವಾದರೂ ಕಥೆಯ ಬಸ್ಸು ಇನ್ನೂ ಡಿಪೋದಿಂದ ಹೊರಟಿರಲಿಲ್ಲ.) ಆದರೆ ಎರಡು ಸಾಲಿಗೊಮ್ಮೆ ಕಂಪ್ಯೂಟರ್ ಸ್ತಬ್ಧವಾಗುತ್ತಿತ್ತು, ಅದು ಚೇತರಿಸಿಕೊಳ್ಳುವಷ್ಟರಲ್ಲಿ ಮಾವನಿಗೆ ಗಾಢನಿದ್ರೆ. ಅಳಿಯ ಮೆಲ್ಲನೆದ್ದು ಟಿವಿಯ ಮುಂದೆ ವಿರಾಜಮಾನನಾಗುತ್ತಿದ್ದ. ವಾರವಿಡೀ ಆಫೀಸಿನಲ್ಲಿ ಅವನು ಹಲ್ಲು ಕಚ್ಚಿಕೊಂಡಿರುತ್ತಿದ್ದುದೇ ಆ ಮಧ್ಯಾಹ್ನಕ್ಕಾಗಿ.

ಆ ಸುಖಕ್ಕೆ ಹೆಂಡತಿಯೇ ಕಲ್ಲು ಹಾಕಿದಳು. ಕಂಪ್ಯೂಟರಿಗೆ ಮೆಮೊರಿ ಸಾಲದು, ಹೊಸದು ಹಾಕಿದರೆ ಕುದುರೆ ಥರ ಓಡುತ್ತದೆ ಎಂದು ಅವಳ ಗೆಳತಿ ಹೇಳಿದ್ದಳಂತೆ. (ಆ ಮನೆಯಲ್ಲಿ ಕಂಪ್ಯೂಟರಿಗೆ ಇಲ್ಲದ ಮೆಮೊರಿಯೆಲ್ಲ ಮಾವನ ತಲೆಯಲ್ಲಿತ್ತು.) ಅಳಿಯ ದುಬಾರಿ ಎಂದ, ಅಪಾಯ ಎಂದ, ಮುದಿ ದೇಹಕ್ಕೆ ಎಳೆ ಮಿದುಳು ಒಗ್ಗುವುದಿಲ್ಲ ಎಂದ.

"ಕಡಿಮೆ ರೇಟಿಂದೇ ನೋಡಿ ತನ್ನಿ ರೀ, ಸಾಕು," ಎಂದಳು ಅವಳು.

ಕಂಪ್ಯೂಟರ್ ಅಂಗಡಿಯಾಕೆ ಗಾಜಿನ ಮೇಜಿನ ಮೇಲೆ ಮೆಮೊರಿಯ ಎರಡು ಪುಟ್ಟ ಹಸಿರು ಪಟ್ಟಿಗಳನ್ನಿಟ್ಟಳು. ಒಂದು ಹಳೆಯ ಯಂತ್ರಕ್ಕೆ ಹೇಳಿ ಮಾಡಿಸಿದಂಥದ್ದು. ಇನ್ನೊಂದು ಅದಕ್ಕಿಂತ ಅಗ್ಗ, ಆದರೆ ಬೇರೆ ನಮೂನೆಯದು; ಅಂಚಿನ ಕಚ್ಚು ಬೇರೆ ಕಡೆ ಇರುವುದರಿಂದ ಇವರ ಯಂತ್ರದಲ್ಲಿ ಕೂರುವುದೇ ಇಲ್ಲ ಎಂದು ವಿವರಿಸಿದಳು. ಅಳಿಯನ ಹೊಟ್ಟೆಗೆ ಹಾಲು ಹುಯ್ದಂತಾಯಿತು.

"ಖಂಡಿತಾ ಕೂರಲ್ವಾ?"

"ತಿಪ್ಪರಲಾಗ ಹಾಕಿದ್ರೂ ಕೂರಲ್ಲ ಸಾರ್."

"ಹಾಗಾದ್ರೆ ಅದನ್ನೇ ಕೊಡಿ."

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕಟ್ಟಿಕೊಟ್ಟಳು.

ಭಾನುವಾರ ಮಾವನ ಸಮ್ಮುಖದಲ್ಲೇ ಶಸ್ತ್ರಚಿಕಿತ್ಸೆ ನಡೆಯಿತು. ಅಳಿಯ ಹಳೆಯ ಪಟ್ಟಿ ಕಿತ್ತು ಹೊಸದನ್ನು ಒತ್ತಿದ. ಕೂರಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಪ್ರಯತ್ನದಲ್ಲಿ ಲೋಪವಿಲ್ಲ ಎಂದು ತೋರಿಸಲು ತುಟಿ ಕಚ್ಚಿ, ಬೆವರು ಒರೆಸಿ, ಮೈಭಾರವೆಲ್ಲ ಹಾಕಿ ಒತ್ತಿದ. ಒಳಗೇನೋ ಲಟಕ್ಕೆಂದಿತು. ಹಳೆಯ ಪಟ್ಟಿಯನ್ನು ಮತ್ತೆ ಸಿಕ್ಕಿಸಿದರೂ ಕಂಪ್ಯೂಟರ್ ಮಿಸುಕಲಿಲ್ಲ.

ಇನ್ನು ಆತ್ಮಕಥೆಯೇ ಇಲ್ಲ ಎಂದು ಒಳಗೊಳಗೇ ಕುಣಿಯುತ್ತ, ಮುಖದ ಮೇಲೆ ಶೋಕ ತಂದುಕೊಂಡು, ತನ್ನಿಂದ ತಪ್ಪಾಯಿತು ಎಂದು ಮಾವನ ಕ್ಷಮೆ ಬೇಡಿದ.

"ಹೋಗ್ಲಿ ಬಿಡಿ ಅಳಿಯಂದಿರೇ," ಎಂದರು ಮಾವ. "ಅದು ತೂಕಡಿಸೋದು ನೋಡಿ ನೋಡಿ ನಂಗೂ ನಿದ್ದೆ ಬಂದ್ಬಿಡ್ತಿತ್ತು. ಮಗಳೇ, ಇವರಿಗೊಂದು ಪೆನ್ನು ಕೊಡಮ್ಮ."

ಹೆಂಡತಿ ಪೆನ್ನನ್ನೂ ಒಂದು ಕಟ್ಟು ಬಿಳಿ ಹಾಳೆಯನ್ನೂ ತಂದು ಗಂಡನ ಮುಂದಿಟ್ಟು, ಹೋಗುವಾಗ ಟಿವಿ ಆರಿಸಿದಳು. ಮಾವ ಎಂದೂ ಇಲ್ಲದ ಲವಲವಿಕೆಯಿಂದ ನೆಟ್ಟಗೆ ಕೂತರು.

"ಇಷ್ಟು ದಿನ ಬರ್ದಿದ್ದು ಅದರೊಳಗೇ ಸಿಕ್ಕಾಕ್ಕೊಂಡಿತಲ್ವಾ? ಒಳ್ಳೇದೇ ಆಯ್ತು. ಎಲ್ಲಾ ಅವಸರದಲ್ಲಿ ಹೇಳಿಬಿಟ್ಟಿದ್ದೆ. ಈಗ ನಿಧಾನವಾಗಿ ನಮ್ಮ ತಾತ ಹುಟ್ಟಿದ ದಿನದಿಂದ ಶುರು ಮಾಡೋಣ, ಬರ್ಕೊಳ್ಳಿ."