ಬೀಟಿಗೆ ಕೂಡದ ಗುರುಸಂಗವ್ವ

ನಮ್ಮ ಸೋದರಮಾವನಷ್ಟು ಚೆನ್ನಾಗಿ ಇನ್ನೊಬ್ಬರ ಸಲಹೆ ಕೇಳುವ ಮನುಷ್ಯ ಇಡೀ ಬಾಗಲಕೋಟೆ ಜಿಲ್ಲೆಯಲ್ಲಿ ಸಿಗಲಾರ! ಕಣ್ಣರಳಿಸಿ ಕೇಳುತ್ತಾನೆ, ತಲೆದೂಗಿ ಕೇಳುತ್ತಾನೆ, ನಡುನಡುವೆ "ಖರೆ ಐತಿ, ಖರೆ ಐತಿ" ಎನ್ನುತ್ತಾನೆ. ಹೇಳಿದವರಿಗೆ ಚಹಾ ಕುಡಿಸಿ ಬೀಳ್ಕೊಡುತ್ತಾನೆ. ಆಮೇಲೆ ತಾನು ಮಾಡಬೇಕೆಂದಿದ್ದನ್ನೇ ಮಾಡುತ್ತಾನೆ. ಹೀಗೆ ಚಹಾ ಕುಡಿದು ಮೋಸಹೋದವರಲ್ಲಿ ನಾನೂ ಒಬ್ಬ, ನಮ್ಮವ್ವನೂ ಒಬ್ಬಳು. ಅವ್ವ ಅವನ ಬೆನ್ನಿಗೆ ಬಿದ್ದ ತಂಗಿ. ಮಾತು ಬಂದಾಗಿನಿಂದ ಬುದ್ಧಿ ಹೇಳುತ್ತಲೇ ಬಂದಿದ್ದಾಳೆ, ಪಾಪ.

ಮಾಮಾ ಇಳಕಲ್ಲಿನ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದ. ಯಾವ ಬಸ್ಸು ಯಾವ ಊರಿಗೆ ಹೊರಟಿದೆ ಎಂದು ಮೈಕಿನಲ್ಲಿ ಕೂಗುವ ಕೆಲಸ. ಹಾಡಿನ ಹುಚ್ಚು ಹಿಡಿದವನ ಕೈಗೆ ಯಾರಾದರೂ ಮೈಕು ಕೊಡುತ್ತಾರೆಯೇ? ಕೊಟ್ಟಿದ್ದರು! ಹುನಗುಂದದಲ್ಲಿ ಒಂದು ಎಳೆತ, ಅಮೀನಗಡದಲ್ಲಿ ಒಂದು ತಿರುವು, ಅಲ್ಲಿಂದ ಮುಂದೆ ಸಾವಕಾಶವಾಗಿ ಆಲಾಪ. ಬಾದಾಮಿ ಎಂಬ ಊರು ಚರಣದಲ್ಲಿ ಬರುತ್ತಿತ್ತು. ಬಾದಾಮಿ ಬಸ್ಸು ಪಲ್ಲವಿಯಲ್ಲೇ ಹೋಗಿಬಿಟ್ಟಿರುತ್ತಿತ್ತು. ಒಮ್ಮೆ ಬನಶಂಕರಿಗೆ ಹೊರಟ ಒಂದು ಕುಟುಂಬ ಹಣ್ಣು, ಕಾಯಿ, ಮಕ್ಕಳು, ಮರಿ ಸಮೇತ ಬಸ್ಸು ತಪ್ಪಿಸಿಕೊಂಡು ಅವನ ಮೇಲೆ ಜಗಳಕ್ಕೆ ಬಂತು. ಮಾಮಾ ಶಾಂತವಾಗಿ, "ಬಸ್ಸು ದಿನಾ ಬರ್ತಾವ್ರಿ. ಇವತ್ತಿನ ದನಿ ದಿನಾ ಬರೂದಿಲ್ಲ" ಎಂದ. ಮೇಲಧಿಕಾರಿಗಳು ಕರೆಸಿ ಬುದ್ಧಿ ಹೇಳಿದರು. ಮಾಮಾ ಅವರಿಗೆ ಚಹಾ ಕುಡಿಸಿದ.

ನಿವೃತ್ತಿಯಾದ ಮೇಲೆ ಮೈಕು ಹೋಯಿತು, ಗಂಟಲು ಉಳಿಯಿತು. ಮನೆಯಲ್ಲಿ ಹಾಡುವಂತಿರಲಿಲ್ಲ. ಅತ್ತೆ ಎಂದೋ ಕಟ್ಟಪ್ಪಣೆ ಮಾಡಿಬಿಟ್ಟಿದ್ದಳು: "ಹಾಡೂದಿದ್ರ ಹೊರಗ ಹಾಡ್ರಿ. ಒಳಗ ನನ್ನ ತಲಿ ನೋಯ್ತೈತಿ." ಅತ್ತೆಯ ಹೆಸರು ಗುರುಸಂಗವ್ವ. ಮಾತು ಕಡಿಮೆ, ಅವಳಿಗೆ ಮಾತಿನ ಅವಶ್ಯಕತೆಯೂ ಇಲ್ಲ, ಒಮ್ಮೆ ನೋಡಿದರೆ ಸಾಕು. ಹೀಗಾಗಿ ಮಾಮಾ ಎದ್ದು ಓಡಲಾರದ ಜನರನ್ನು ಹುಡುಕಿಕೊಂಡು ಊರಲ್ಲಿ ತಿರುಗತೊಡಗಿದ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವರು ಎಲ್ಲಿಗೆ ತಾನೇ ಓಡಿಹೋದಾರು?

ಅಲ್ಲಿಯೇ ಹುಟ್ಟಿತು ಆ ಹಾಡು. ಇಪ್ಪತ್ತಕ್ಕೂ ಮಿಕ್ಕಿದ ನುಡಿಗಳು, ಎಲ್ಲವೂ ಅತ್ತೆಯ ಮೇಲೆಯೇ! ಅತ್ತೆಗೆ ಮಾತ್ರ ಅದರ ಸುಳಿವು ಇರಲಿಲ್ಲ. ಮೊದಲ ನುಡಿ ಹೀಗಿತ್ತು:

ರೊಟ್ಟಿ ಬಡದರ ಓಣೆಲ್ಲಾ ಕೇಳತೈತಿ,
ಸಿಟ್ಟಿಲೆ ನೋಡಿದರ ಬಾನ್ಯಾಗಿನ ನೀರು ಕಾಯತೈತಿ,
ಒಲಿ ಯಾಕ, ಕಟಗಿ ಯಾಕ ಅಕಿ ಇದ್ದ ಮನಿಗೆ,
ನನ್ನ ಗುರುಸಂಗವ್ವಾ!

ಒಂದು ದಿನ ಮಾಮಾ ಹುನಗುಂದದ ನಮ್ಮ ಮನೆಗೆ ಬಂದವನೇ ನನ್ನ ಮೊಬೈಲು ತೋರಿಸಿ, "ಲೇ, ಈಗ ಹಾಡನ್ನ ಇದರಾಗ ಬಿಡ್ತಾರಂತಲ್ಲ. ನಂದೊಂದು ಬಿಡೂಣು" ಎಂದ.

"ಅದಕ್ಕ್ಯಾಕ ಅಷ್ಟು ತ್ರಾಸು ಮಾಮಾ? ಅತ್ತಿ ಮುಂದ ಒಂದ್ಸಲ ಹಾಡಿಬಿಡು" ಎಂದೆ.

"ಒಬ್ಬಾಕಿ ಮುಂದ ಹೇಳಿದ್ರ ನಡ್ಯಂಗಿಲ್ಲೋ. ನಾಕು ಮಂದಿ ಮುಂದ ಹೇಳಬೇಕು."

ಇದು ಕಲಾವಿದರ ಜಂಬ ಎಂದುಕೊಂಡೆ. ಚಹಾ ಕುಡಿಯುತ್ತಿದ್ದ ಅವ್ವ ಅಣ್ಣನ ಮುಖವನ್ನೊಮ್ಮೆ ನೋಡಿ ಸುಮ್ಮನಾದಳು. ಅವ್ವ ಸುಮ್ಮನಾಗುವುದು ಅಪರೂಪ. ನಾನು ಆಗಲೇ ಅನುಮಾನ ಪಡಬೇಕಿತ್ತು.

ಬಾಗಲಕೋಟೆಯ ನವನಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ ಸ್ಟುಡಿಯೋ ಸಿಕ್ಕಿತು. ಸದ್ದು ಹೀರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಬಡಿದಿದ್ದರು. ಮಾಮಾ ಸುತ್ತಲೂ ನೋಡಿ, "ಕೋಳಿ ಎಲ್ಲಿ ಇಟ್ಟೀರಿ?" ಎಂದ. ಸ್ಟುಡಿಯೋದವನು ಒಳ್ಳೆಯವನು, ನಕ್ಕುಬಿಟ್ಟ. ಇಪ್ಪತ್ತಕ್ಕೂ ಮಿಕ್ಕಿದ ನುಡಿಗಳನ್ನು ಕೊನೆಯವರೆಗೂ ಕೇಳಿದ. ಅಂಥ ಸಹನೆಗೆ ಯಾರಾದರೂ ಪ್ರಶಸ್ತಿ ಕೊಡಬೇಕು! ಆಮೇಲೆ ಹೇಳಿದ:

"ಕಾಕಾರ, ಹಾಡು ಚಲೋ ಐತ್ರಿ. ಆದ್ರ ಕೇಳಿ ಮುಗಸೂದ್ರಾಗ ಮೊಬೈಲಿನ ಚಾರ್ಜ್ ಹೋಗತೈತ್ರಿ."

ಈಗ ಮಾಮಾ ಇವನಿಗೆ ಚಹಾ ಹೇಳುತ್ತಾನೆ, ಕಥೆ ಮುಗಿಯಿತು ಎಂದುಕೊಂಡೆ. ಆದರೆ ಮಾಮಾ ಗಲ್ಲ ಕೆರೆದುಕೊಂಡು, "ಖರೆ ಐತಿ. ಒಂದ ಬಸ್ಸಿನ್ಯಾಗ ಊರೆಲ್ಲಾ ಹತ್ತಿಸಾಕ ಬರೂದಿಲ್ಲ. ಹೇಳು ತಮ್ಮಾ, ಯಾರ್‍ಯಾರನ್ನ ಇಳಸೂಣು?" ಎಂದ. ನನಗೆ ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಬೇಕೆನಿಸಿತು. ಜೀವಮಾನದಲ್ಲಿ ಮೊದಲ ಬಾರಿಗೆ ಮಾಮಾ ಒಬ್ಬರ ಸಲಹೆಯನ್ನು ನಿಜವಾಗಿ ಕೇಳುತ್ತಿದ್ದ!

ಇಬ್ಬರೂ ಕುಳಿತು ನುಡಿಗಳನ್ನು ಒಂದೊಂದಾಗಿ ಇಳಿಸಿದರು. ನೆರೆಮನೆಯವರ ಜಗಳದ ನುಡಿ ಇಳಿಯಿತು, ಉಪ್ಪಿನಕಾಯಿಯ ನುಡಿ ಇಳಿಯಿತು. ತನಗೆ ಕಾಮಾಲೆಯಾದಾಗ ಅತ್ತೆ ಹಾಸಿಗೆಯ ಪಕ್ಕ ಬಿಟ್ಟೇಳದೆ ಕುಳಿತಿದ್ದ ನುಡಿಯೊಂದಿತ್ತು. ಸ್ಟುಡಿಯೋದವನಿಗೆ ಅದೇ ಬಹಳ ಹಿಡಿಸಿತ್ತು. "ಇದನ್ನ ಇಡೂಣ್ರಿ, ಮಂದಿ ಕಣ್ಣಾಗ ನೀರು ಬರ್ತಾವ" ಎಂದ. ಮಾಮಾ ಒಪ್ಪಲಿಲ್ಲ. "ಅದು ನಮ್ಮನಿ ಒಳಗಿನ ಮಾತು. ಇಳೀಲಿ" ಎಂದು ತಾನೇ ಹೊಡೆದುಹಾಕಿದ. ಕೊನೆಗೆ ಮೂರೇ ನುಡಿ ಉಳಿದವು. ಹೇಳಬಾರದು, ಆದರೂ ಹೇಳುತ್ತೇನೆ: ಹಾಡು ಮೊದಲಿಗಿಂತ ಎಷ್ಟೋ ಚೆನ್ನಾಗಿತ್ತು.

ಸ್ಟುಡಿಯೋದವನು ವೇಗ ಹೆಚ್ಚಿಸಬೇಕೆಂದ, ಮಾಮಾ ಹೂಂ ಎಂದ. ನಡುವೆ ಚಪ್ಪಾಳೆ ಹಾಕುತ್ತೇನೆಂದ, ಹೂಂ ಎಂದ. ಶುರುವಿಗೊಂದು ಹಾರ್ನ್ ಇಡೋಣವೇ ಎಂದದ್ದಕ್ಕಂತೂ ಮಾಮಾನ ಮುಖ ಅರಳಿತು. ಆದರೆ ಸ್ಟುಡಿಯೋದವನು ಕೇಳಿಸಿದ್ದು ಲಾರಿಯ ಹಾರ್ನ್! "ಲಾರಿ ಮುಂದ ನಿಂತು ಯಾರರ ಹೇಂತಿ ಹೆಸರು ಹೇಳ್ತಾರೇನೋ?" ಎಂದು ಮಾಮಾ ಹಟ ಹಿಡಿದ. ಬಸ್ಸಿನ ಹಾರ್ನ್ ಹುಡುಕುವುದರಲ್ಲೇ ಮಧ್ಯಾಹ್ನವಾಯಿತು.

ಅಷ್ಟರ ಮೇಲೆ ಸ್ಟುಡಿಯೋದವನು ಮೆಲ್ಲಗೆ ವಿಷಯಕ್ಕೆ ಬಂದ. "ಎಲ್ಲಾ ಆತ್ರಿ ಕಾಕಾರ. ಒಂದು ಮಾತ್ರ ಕೂಡವಲ್ದು. ಈ ಗುರುಸಂಗವ್ವ ಬೀಟಿಗೆ ಕೂಡಂಗಿಲ್ರಿ." ಬೆರಳಿನಿಂದ ಮೇಜು ಬಡಿದು ತೋರಿಸಿದ. "ನೋಡ್ರಿ, 'ಗುರು' ಅನ್ನೂದ್ರಾಗ ತಾಳ ಮುಗೀತೈತಿ. 'ಸಂಗವ್ವ' ಹೊರಗ ಉಳೀತಾಳ. ಬರೇ ಸಂಗವ್ವ ಅಂದ್ರ ಹೆಂಗ್ರಿ?"

ಮಾಮಾ ಕುರ್ಚಿ ಬಿಟ್ಟು ಎದ್ದ. "ಏ ತಮ್ಮಾ, ಸಂಗವ್ವ ನಮ್ಮ ನಾದ್ನಿ! ಅಕಿ ಗಂಡ ಗರಡಿಮನಿ ಪೈಲ್ವಾನ!"

"ಹಂಗಾರ ಬರೇ ಗುರವ್ವ?"

"ಅಕಿ ನಮ್ಮ ಅತ್ತಿ. ತೀರಿಕೊಂಡಾಳ."

ಆ ಮನೆತನದಲ್ಲಿ ಹೆಸರಿನ ಅರ್ಧ ತುಂಡಿಗೂ ಒಬ್ಬೊಬ್ಬ ಹಕ್ಕುದಾರರಿದ್ದರು! ಸ್ಟುಡಿಯೋದವನು ಬೆವರು ಒರೆಸಿಕೊಂಡು, "ನನ್ನ ರಾಣಿ ಅನ್ರಿ. ಬೀಟಿಗೆ ಸರಿಯಾಗಿ ಕೂಡತೈತಿ. ಕೇಳಿದವರೆಲ್ಲಾ ತಮ್ಮ ತಮ್ಮ ಹೇಂತಿಗೆ ಹಾಡಿದಂಗ ಅನ್ಕೋತಾರ. ಗುರುಸಂಗವ್ವ ನಿಮಗೊಬ್ಬರಿಗೇ ಆಕ್ಕಾಳ್ರಿ. ಇಂಥ ಹೆಸರು ಈಗ ಎಲ್ಲೈತ್ರಿ?" ಎಂದ.

ಮಾತು ಸುಳ್ಳೇನಲ್ಲ. ಮಾಮಾನಿಗೂ ಅದು ಗೊತ್ತಾಯಿತು. ಅದಕ್ಕೇ ಚಹಾ ಹೇಳಲಿಲ್ಲ. "ವಿಚಾರ ಮಾಡಿ ಬರ್ತೇನಿ" ಎಂದು ಎದ್ದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ದಾರಿಯುದ್ದಕ್ಕೂ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಅಮೀನಗಡ ದಾಟಿದ ಮೇಲೆ ನನ್ನ ಕಡೆ ತಿರುಗಿ, "ಏನರ ಬದಲ ಮಾಡ್ತೇನ್ಲೇ. ಹೆಸರು ಬಿಡೂದಿಲ್ಲ. ಈ ಹಾಡು ಹುಟ್ಟಿದ್ದೇ ಆ ಹೆಸರಿನ ಸಲುವಾಗಿ" ಎಂದ. ಆ ದನಿ ನನಗೆ ಹೊಸದು. ಅದರಲ್ಲಿ ತಮಾಷೆಯಿರಲಿಲ್ಲ.

ಮುಂದೆ ಶುರುವಾಯಿತು ನೋಡಿ ಹೋರಾಟ! ಶಾಂತ ಜಾಗದಲ್ಲಿ ತಾಳ ಹೊಂದೀತೆಂದು ಶಿವಯೋಗ ಮಂದಿರಕ್ಕೆ ಹೋಗಿ ಮಲಪ್ರಭೆಯ ದಂಡೆಯಲ್ಲಿ ಕುಳಿತ. ಕಣ್ಣುಮುಚ್ಚಿ ಮತ್ತೆ ಮತ್ತೆ ಗುರುಸಂಗವ್ವ, ಗುರುಸಂಗವ್ವ ಎನ್ನುತ್ತಿದ್ದವನನ್ನು ಕಂಡು ಯಾರೋ ಇದು ಹೊಸ ಮಂತ್ರವಿರಬೇಕೆಂದು ಪಕ್ಕದಲ್ಲೇ ಕುಳಿತು ತಾವೂ ಜಪಿಸಿದರಂತೆ. ತಾಳ ಹೊಂದಲಿಲ್ಲ, ಒಬ್ಬ ಭಕ್ತ ಸಿಕ್ಕ.

ಇಂಥ ಹೆಸರು ಈಗ ಎಲ್ಲಿದೆ ಎಂಬ ಮಾತು ಅವನನ್ನು ಇರಿಯುತ್ತಲೇ ಇತ್ತು. ಒಂದು ಸೋಮವಾರ ನನ್ನನ್ನು ಕರೆದುಕೊಂಡು ಸೀದಾ ಬಸ್ ನಿಲ್ದಾಣಕ್ಕೆ ಹೋದ. ಈಗಿನ ಕಂಟ್ರೋಲರ್ ಇವನ ಕೈಕೆಳಗೆ ಕಲಿತವನು, ಮೈಕು ಕೇಳಿದರೆ ಇಲ್ಲ ಎನ್ನಲಾಗಲಿಲ್ಲ. ಮಾಮಾ ಗಂಟಲು ಸರಿಮಾಡಿಕೊಂಡು, "ಗುರುಸಂಗವ್ವ ಅನ್ನುವವರು ಎಲ್ಲಿದ್ದರೂ ಕಂಟ್ರೋಲರ್ ಕೋಣೆಗೆ ಬರಬೇಕು" ಎಂದು ಕೂಗಿದ. ಹತ್ತು ನಿಮಿಷದಲ್ಲಿ ಮೂವರು ಗುರುಸಂಗವ್ವಂದಿರು ಬಂದು ನಿಂತರು! ಒಬ್ಬಳು, "ನನ್ನ ಚೀಲ ಸಿಕ್ತೇನ್ರಿ?" ಎಂದು ಕೇಳಿದಳು. ಮಾಮಾ ಅಷ್ಟಕ್ಕೆ ಬಿಡಲಿಲ್ಲ. ಪರೀಕ್ಷೆ ಎಂದ ಮೇಲೆ ಎರಡೂ ಕಡೆ ಆಗಬೇಕಲ್ಲ? ಮತ್ತೆ ಮೈಕು ಹಿಡಿದು, "ನನ್ನ ರಾಣಿ ಎಲ್ಲಿದ್ದರೂ ಬರಬೇಕು" ಎಂದ. ಒಬ್ಬ ರಾಣಿಯೂ ಬರಲಿಲ್ಲ. ಪೊಲೀಸಿನವನೊಬ್ಬ ಬಂದ.

ಈ ಫಲಿತಾಂಶವನ್ನು ಎದೆಯುಬ್ಬಿಸಿ ಸ್ಟುಡಿಯೋದಲ್ಲಿ ಹೇಳಿದರೆ ಅವನು ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿದ ಮೇಲೆ, "ಆದ್ರೂ ಬೀಟಿಗೆ ಕೂಡಂಗಿಲ್ಲಲ್ರಿ ಕಾಕಾರ" ಎಂದ.

"ಹಂಗಾರ ಬೀಟು ನಿಂದರ್ಸು."

"ಏನ್ರಿ?"

"ಹೆಸರು ಬಂದಾಗ ನಿನ್ನ ಡೋಲು, ಪೇಟಿ, ಚಪ್ಪಾಳಿ ಎಲ್ಲಾ ನಿಂದರ್ಸು. ಬರೇ ಹೆಸರು ಬರಲಿ. ಮುಗದ ಮ್ಯಾಲ ಮತ್ತ ಹೊಡಿ."

"ಮಂದಿ ನೆಟ್ ಹೋತು ಅಂತ ತಿಳಕೋತಾರ್ರಿ!"

"ಬಸ್ಸು ಓಡುಮುಂದ ಎಲ್ಲಾರೂ ತೂಕಡಸ್ತಾರ ತಮ್ಮಾ. ನಿಂತಾಗ ಎದ್ದು ಕಿಟಕ್ಯಾಗಿಂದ ನೋಡ್ತಾರ, ಯಾವೂರು ಬಂತು ಅಂತ. ನಿಂದರ್ಸಿ ನೋಡು."

ಸ್ಟುಡಿಯೋದವನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, "ಹಾಡ್ರಿ ಒಂದ್ಸಲ" ಎಂದ. ಚಪ್ಪಾಳೆ ಧೋ ಎಂದು ಸುರಿಯುತ್ತ ಬಂದು ಥಟ್ಟನೆ ನಿಂತಿತು. ಆ ಖಾಲಿ ಜಾಗದಲ್ಲಿ ಮಾಮಾನ ಒಡಕು ದನಿ ಒಂದೇ ಒಂದು ಹೆಸರನ್ನು ಕರೆಯಿತು. ಸ್ಟುಡಿಯೋದವನು ಹೆಡ್‌ಫೋನ್ ತೆಗೆದು, "ಚಹಾ ತರಸ್ಲೇನ್ರಿ?" ಎಂದ.

ಹಾಡು ಮೊಬೈಲಿಗೆ ಬಂದು ಎರಡು ದಿನವಾಗಿತ್ತು. ಲೋಕವೇನೂ ಅಲುಗಾಡಲಿಲ್ಲ. ಕೆಲವರು ಹೊಗಳಿದರು, ಒಬ್ಬ ಪುಣ್ಯಾತ್ಮ "ಆಡಿಯೋ ಕಟ್ ಆಗೈತಿ, ಸರಿ ಮಾಡ್ರಿ" ಎಂದು ಬರೆದ. ಆದರೆ ಇಳಕಲ್ಲಿನ ಓಣಿಗೆ ಅದು ತಲುಪಿತು. ಅವ್ವ ಮತ್ತು ನಾನು ಮಾಮಾನ ಮನೆಯಲ್ಲಿದ್ದ ಸಂಜೆ ಓಣಿಯ ಹೆಂಗಸರು ಮೊಬೈಲು ಹಿಡಿದುಕೊಂಡು ಗುಂಪಾಗಿ ಒಳಗೆ ನುಗ್ಗಿದರು. "ಏ ಗುರುಸಂಗವ್ವಾ, ನಿನ್ನ ಗಂಡ ನಿನ್ನ ಹೆಸರು ಹಾಡ್ಯಾನಲ್ಲಽ!" ಎಂದರು. ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಅದೇ ಹೊತ್ತಿಗೆ ಹೊರಗಿನಿಂದ ಬಂದ ಮಾಮಾ ಗುಂಪನ್ನು ಕಂಡು, ವಿಷಯ ಹೊಳೆದು, ಬಾಗಿಲ ಹೊರಗೇ ನಿಂತುಬಿಟ್ಟ. ಒಳಗೆ ಕಾಲಿಡುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಅತ್ತೆಯ ಕೈಯಲ್ಲಿ ಬಿಸಿ ಸೌಟೇನಾದರೂ ಇದೆಯೇ ಎಂದು ನಾನೂ ನೋಡಿಕೊಂಡೆ!

ಹಾಡು ಹಚ್ಚಿದರು. ಹಾರ್ನ್ ಬಂತು, ಚಪ್ಪಾಳೆ ಬಂತು, ಬಾನಿಯ ನೀರು ಕಾಯಿತು. ಹೆಂಗಸರು ಬಿದ್ದು ಬಿದ್ದು ನಕ್ಕರು. ಥಟ್ಟನೆ ಸದ್ದು ನಿಂತಿತು. "ನನ್ನ ಗುರುಸಂಗವ್ವಾ!"

ಅತ್ತೆ ಎದ್ದಳು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಹೋಗಿ ಎರಡೂ ಕಡೆ ಚೌಕಟ್ಟು ಹಿಡಿದು ಗಂಡನೆದುರು ಅಡ್ಡ ನಿಂತಳು. ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಕೈ ತೆಗೆದು, "ಹೂಂ. ಈಗ ಒಳಗ ಬರ್ರಿ" ಎಂದಳು.

ನನಗೆ ತಲೆಬುಡ ತಿಳಿಯಲಿಲ್ಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಪಿಸುಗುಟ್ಟಿದಳು. ನಮ್ಮ ಕಡೆ ಮದುವೆಯಾದ ಹೊಸ ಜೋಡಿಯನ್ನು ಹೆಂಗಸರು ಬಾಗಿಲಲ್ಲಿ ತಡೆಯುತ್ತಾರೆ. ಒಡಪು ಎಂಬ ಪ್ರಾಸದ ನುಡಿ ಕಟ್ಟಿ ಒಬ್ಬರ ಹೆಸರು ಇನ್ನೊಬ್ಬರು ಹೇಳಿದರೇ ಒಳಗೆ ಪ್ರವೇಶ. "ಇವರ ಮದವ್ಯಾಗ ಅಕಿ ಹೇಳಿದಳು. ನಿಮ್ಮ ಮಾಮಾ ಮಂದಿ ಹೇಳಿಕೊಟ್ಟ ಒಡಪು ಒಲ್ಲೆ ಅಂದ. ತಡೀರಿ, ಅಕಿ ಹೆಸರಿಗೆ ತಕ್ಕಂಥಾದ್ದು ನಾನಽ ಕಟ್ತೇನಿ ಅಂದ. ಕಟ್ಟಾಕ ಆಗಲಿಲ್ಲ. ಊಟದ ಹೊತ್ತು ಮೀರಿತ್ತು, ಹಿರ್‍ಯಾರು ಹಂಗಽ ಒಳಗ ಕರಕೊಂಡ್ರು. ಬಂದ ಹೆಂಗಸರೆಲ್ಲಾ ನಕ್ಕರು. ಹೇಂತಿ ಹೆಸರು ಬಾಯಿಗೆ ಬರಲಿಲ್ಲಂತ."

ಅಂದು ನಕ್ಕವರಲ್ಲಿ ಎಷ್ಟು ಜನ ಈಗ ಉಳಿದಿದ್ದಾರೋ ಗೊತ್ತಿಲ್ಲ. ಅತ್ತೆಯ ಹಿಂದೆ ನಿಂತಿದ್ದ ಓಣಿಯ ಹೆಂಗಸರಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಎಪ್ಪತ್ತರ ಹತ್ತಿರದ ನಮ್ಮ ಮಾಮಾ ಚಪ್ಪಲಿ ಬಿಟ್ಟು, ಅಂಗಿಯ ಗುಂಡಿ ಸರಿಮಾಡಿಕೊಂಡು, ತಲೆ ತಗ್ಗಿಸಿ, ಬಲಗಾಲು ಮೊದಲಿಟ್ಟು ತನ್ನ ಮನೆಯೊಳಗೆ ಬಂದ.